ಬಾಗಿಲು ನೋಡಿ ಕಾರು ಗುರುತಿಸಿ: ಅಮೆರಿಕದ ಕಾರು ಕಂಪನಿಗಳ ವಿನ್ಯಾಸ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಯಾವ ಕಂಪನಿಗಳ ಮಾತು ಬರುತ್ತದೆ?

ಹೆಚ್ಚಾಗಿ ಡೆಟ್ರಾಯಿಟ್‌ನ ಮೂರು: ಜನರಲ್ ಮೋಟರ್ಸ್ (ಮುಂದೆ ಜಿಎಂ ಎಂದಷ್ಟೇ ಬರೆಯುತ್ತೇವೆ), ಫೋರ್ಡ್ ಮತ್ತು ಕ್ರೈಸ್ಲರ್. ಕ್ರೈಸ್ಲರ್ 1998ರಲ್ಲಿ ಜರ್ಮನಿಯ ಡೈಮ್ಲರ್ ಜೊತೆ ಸೇರಿತು, 2007ರಲ್ಲಿ ಬಿಟ್ಟುಬಂತು, 2009ರಲ್ಲಿ ಫಿಯೆಟ್ ಜೊತೆಯಾಯಿತು. 2021ರಿಂದ ಅದು ಸ್ಟೆಲಾಂಟಿಸ್ ಎಂಬ ಬಹುರಾಷ್ಟ್ರೀಯ ಕಾರು ಕಂಪನಿಯ ಒಂದು ಭಾಗ. ಟೆಸ್ಲಾ ಒಂದು ಕಡೆ ಬಂದುಹೋಗುತ್ತದೆ.

"ಆಲ್ ನ್ಯೂ" ಎಂದು ಜಾಹೀರಾತು ಕೊಡುತ್ತಾರಲ್ಲ, ಕಾರು ನಿಜಕ್ಕೂ ಹೊಸದೋ ಬರೀ ಮುಖ ತೊಳೆದದ್ದೋ, ಹೇಗೆ ಗೊತ್ತಾಗುತ್ತದೆ?

ಮುಂದಿನಿಂದ ನೋಡಬೇಡಿ, ಪಕ್ಕಕ್ಕೆ ಬನ್ನಿ. ಹಳೆಯ ಮತ್ತು ಹೊಸ ಮಾಡೆಲ್‌ನ ಪಕ್ಕನೋಟದ ಫೋಟೋ ಎರಡನ್ನೂ ಒಂದೇ ಅಳತೆಗೆ ತಂದು ಈ ಕ್ರಮದಲ್ಲಿ ಹೋಲಿಸಿ: ಮುಂಬಾಗಿಲಿನ ಸುತ್ತ ಇರುವ ಸಂದಿನ ಗೆರೆ, ಮುಂಗಾಜಿನ ಬುಡ, ಗಾಜಿನ ಪಕ್ಕದ ಕಂಬದ ಓರೆ, ಚಾವಣಿಯ ಗೆರೆ, ಕೊನೆಗೆ ಇಂಧನ ಮುಚ್ಚಳದ ಜಾಗ. ಐದೂ ಹಾಗೇ ಇದ್ದರೆ ಅದು ಫೇಸ್‌ಲಿಫ್ಟ್. ಗ್ರಿಲ್, ದೀಪ, ಬಂಪರ್, ಚಕ್ರ, ಒಳಗಿನ ಸ್ಕ್ರೀನ್ ಎಷ್ಟೇ ಬದಲಾಗಿದ್ದರೂ ಒಳಗಿನ ಲೋಹದ ಗೂಡು ಹಳೆಯದೇ.

ಸಾಮಾನ್ಯವಾಗಿ ಮೂರು-ನಾಲ್ಕು ವರ್ಷಕ್ಕೊಮ್ಮೆ ಫೇಸ್‌ಲಿಫ್ಟ್, ಆರರಿಂದ ಎಂಟು ವರ್ಷಕ್ಕೊಮ್ಮೆ ಪೂರ್ತಿ ಹೊಸ ಕಾರು ಬರುತ್ತದೆ.

ಬಾಗಿಲಿಗೆ ಅಷ್ಟೊಂದು ಮಹತ್ವ ಏಕೆ?

ದುಡ್ಡು ಮುಳುಗುವುದು ಅಲ್ಲೇ. ಬಂಪರ್ ಪ್ಲಾಸ್ಟಿಕ್; ಅದರ ಅಚ್ಚು ಬದಲಾಯಿಸುವುದು ಹೋಲಿಕೆಯಲ್ಲಿ ಅಗ್ಗ. ಬಾಗಿಲು ಹಾಗಲ್ಲ. ಹೊರ ತಗಡಿಗೇ ಡೈ (ತಗಡನ್ನು ಒತ್ತುವ ಉಕ್ಕಿನ ಅಚ್ಚು) ನಾಲ್ಕೈದು ಬೇಕು: ಎಳೆದು ಆಕಾರ ಕೊಡಲು ಒಂದು, ಅಂಚು ಕತ್ತರಿಸಲು ಒಂದು, ಮಡಿಸಲು ಒಂದು, ಮತ್ತೆ ಒತ್ತಿ ಅಳತೆಗೆ ತರಲು ಇನ್ನೊಂದು. ಒಳ ತಗಡಿಗೆ ಬೇರೆಯದೇ ಸೆಟ್. ಇದನ್ನು ನಾಲ್ಕು ಬಾಗಿಲಿಗೆ ಗುಣಿಸಿ. ಪೀಣ್ಯದಲ್ಲಿ ಡೈ ಕೆಲಸ ಮಾಡಿದವರಿಗೆ ಇದರ ತೂಕ ಹೇಳಿಕೊಡಬೇಕಾಗಿಲ್ಲ.

ಎರಡನೆಯದು ಗಾಜು. ಪಕ್ಕದ ಗಾಜು ಸಪಾಟಾಗಿರುವುದಿಲ್ಲ. ಡ್ರಮ್ಮಿನ ಮೈಯಿಂದ ಕತ್ತರಿಸಿದ ತುಂಡಿನಂತೆ ಬಾಗಿರುತ್ತದೆ. ಕಿಟಕಿ ಇಳಿಸಿದಾಗ ಅದು ಅದೇ ಬಾಗಿನಲ್ಲಿ ಜಾರಿ ಬಾಗಿಲಿನ ಹೊಟ್ಟೆಯೊಳಗೆ ಹೋಗಬೇಕು. ಅಲ್ಲಿ ಲಾಕ್, ಹಿಡಿಕೆಯ ಸರಳು, ಸ್ಪೀಕರ್, ಪಕ್ಕದ ಗುದ್ದು ತಡೆಯುವ ಉಕ್ಕಿನ ತೊಲೆ ಆಗಲೇ ಕೂತಿವೆ. ಗಾಜಿನ ಬಾಗು ತುಸು ಬದಲಿಸಿದರೂ ಸಾಕು, ಇವೆಲ್ಲ ಜರುಗಬೇಕಾಗುತ್ತದೆ. ಮೇಲಿನ ಚೌಕಟ್ಟು ಕದಲಿದರೆ ರಬ್ಬರ್ ಬೀಡಿಂಗ್ ಸರಿಯಾಗಿ ಒತ್ತದೆ ಗಾಳಿ ಶಿಳ್ಳೆ ಹಾಕುತ್ತದೆ, ಮಳೆನೀರು ಒಳಗಿಳಿಯುತ್ತದೆ. ಹಾಗಾಗಿ ಬಾಗಿಲು ಒಮ್ಮೆ ನಿಶ್ಚಯವಾದರೆ ಆ ಕಾರಿನ ಆಯುಷ್ಯ ಮುಗಿಯುವವರೆಗೆ ಯಾರೂ ಅದರ ತಂಟೆಗೆ ಹೋಗುವುದಿಲ್ಲ.

ವರ್ಷವರ್ಷವೂ ಹೊಸ ಮಾಡೆಲ್ ತರುವ ಪದ್ಧತಿ ಶುರು ಮಾಡಿದವರು ಯಾರು?

ಜಿಎಂ. ಫೋರ್ಡ್ 1908ರಿಂದ 1927ರವರೆಗೆ ಮಾಡೆಲ್ ಟಿ ಒಂದನ್ನೇ 1.5 ಕೋಟಿ ತಯಾರಿಸಿ, ಬೆಲೆ ಇಳಿಸುತ್ತಾ ಹೋಯಿತು. ಜಿಎಂ ಮುಖ್ಯಸ್ಥ ಆಲ್ಫ್ರೆಡ್ ಸ್ಲೋನ್ ಬೇರೆ ಲೆಕ್ಕ ಹಾಕಿದರು. ಕಾರು ಬೇಕಾದವರ ಹತ್ತಿರ ಆಗಲೇ ಒಂದು ಕಾರಿದೆ. ಅವರಿಗೆ ಎರಡನೆಯದನ್ನು ಮಾರಬೇಕಾದರೆ ಮೊದಲನೆಯದು ಹಳತಾಗಿ ಕಾಣಬೇಕು. ಜೊತೆಗೆ ಏಣಿಯಂತೆ ಬೆಲೆ ಜೋಡಿಸಿದರು. ಕೆಳಗೆ ಶೆವರ್ಲೆ, ಮೇಲೆ ಪಾಂಟಿಯಾಕ್, ಓಲ್ಡ್ಸ್‌ಮೊಬೀಲ್, ಬ್ಯುಯಿಕ್, ತುದಿಯಲ್ಲಿ ಕ್ಯಾಡಿಲಾಕ್. ಸಂಬಳ ಏರಿದಂತೆ ಗಿರಾಕಿ ಮೆಟ್ಟಿಲು ಹತ್ತಬೇಕು, ಅಂಗಡಿ ಮಾತ್ರ ಬದಲಾಯಿಸಬಾರದು.

ಇದನ್ನು ಕಣ್ಣಿಗೆ ಕಾಣುವಂತೆ ಮಾಡಲು 1927ರಲ್ಲಿ ವಿನ್ಯಾಸಕಾರ ಹಾರ್ಲಿ ಅರ್ಲ್ ಕೈಕೆಳಗೆ ಆರ್ಟ್ ಆ್ಯಂಡ್ ಕಲರ್ ವಿಭಾಗ ತೆರೆದರು. ಅದೇ ವರ್ಷದ ಲಾಸಾಲ್ ಎಂಬ ಕಾರು ಅರ್ಲ್ ಅವರ ಮೊದಲ ಗೆಲುವು. ಐದು ಮೆಟ್ಟಿಲಿಗೂ ಪ್ರತ್ಯೇಕ ಬಾಡಿ ಇರಲಿಲ್ಲ. ಕೆಲವೇ ಬಾಡಿಗಳನ್ನು ಹಂಚಿಕೊಂಡು ಬೇರೆ ಬೇರೆಯಾಗಿ ತೋರಿಸುವುದೇ ಅರ್ಲ್ ಅವರ ಕಸುಬು. 1959ರ ಜಿಎಂ ಕಾರುಗಳನ್ನು ಸಾಲಾಗಿ ನಿಲ್ಲಿಸಿ ನೋಡಿ. ಶೆವರ್ಲೆಯ ಹಿಂಬದಿ ಬಾವಲಿಯ ರೆಕ್ಕೆ, ಕ್ಯಾಡಿಲಾಕ್‌ನದು ರಾಕೆಟ್. ಆದರೆ ಮುಂಬಾಗಿಲಿನ ರಚನೆ ಎಲ್ಲಕ್ಕೂ ಬ್ಯುಯಿಕ್‌ನದೇ.

ಆ ಬಾಲದ ರೆಕ್ಕೆಗಳು ಏತಕ್ಕೆ? ಗಾಳಿಯ ಹಿಡಿತಕ್ಕೋ?

ಮಾರಾಟಕ್ಕೆ. 1948ರ ಕ್ಯಾಡಿಲಾಕ್‌ನಲ್ಲಿ ಮೊದಲು ಬಂದ ಪುಟ್ಟ ರೆಕ್ಕೆಗೆ ಎರಡನೇ ಮಹಾಯುದ್ಧದ ಪಿ-38 ವಿಮಾನ ಪ್ರೇರಣೆ. ಪೈಪೋಟಿ ನಿಜಕ್ಕೂ ಕಾವೇರಿದ್ದು 1957ರಲ್ಲಿ. ವರ್ಜಿಲ್ ಎಕ್ಸ್‌ನರ್ ನೇತೃತ್ವದಲ್ಲಿ ಕ್ರೈಸ್ಲರ್ ತಗ್ಗು, ಚೂಪು, ದೊಡ್ಡ ರೆಕ್ಕೆಯ ಕಾರುಗಳನ್ನು ತಂದಿತು; ಅದರ ಪ್ಲಿಮತ್ ಬ್ರ್ಯಾಂಡಿನ ಜಾಹೀರಾತು "ಇದ್ದಕ್ಕಿದ್ದಂತೆ 1960" ಎಂದಿತು. ಅವನ್ನು ಬೇಲಿಯಾಚೆಯಿಂದ ಕಂಡ ಜಿಎಂ ವಿನ್ಯಾಸಕಾರರು ತಮ್ಮ ಕೆಲಸ ಪಕ್ಕಕ್ಕಿಟ್ಟು ಹೊಸದಾಗಿ ಶುರು ಮಾಡಿದರು. 1959ರ ಕ್ಯಾಡಿಲಾಕ್ ರೆಕ್ಕೆ ಆ ಗಾಬರಿಯ ಫಲ.

ಆದರೆ 1957ರ ಕ್ರೈಸ್ಲರ್ ಕಾರುಗಳಲ್ಲಿ ನೀರು ಸೋರಿತು, ತುಕ್ಕು ಬೇಗ ಹಿಡಿಯಿತು. ಅವಸರದಲ್ಲಿ ಕಾರ್ಖಾನೆಗೆ ಇಳಿಸಿದ್ದರ ಫಲ ಇದು. ಸೋರುವ ಕಾರೆಂಬ ಹೆಸರು ತೊಳೆಯಲು ಆ ಕಂಪನಿಗೆ ವರ್ಷಗಳೇ ಹಿಡಿದವು.

ಒಂದೇ ಕಾರನ್ನು ಬ್ಯಾಡ್ಜ್ (ಬ್ರ್ಯಾಂಡಿನ ಗುರುತು) ಬದಲಾಯಿಸಿ ಮಾರುವುದರಲ್ಲಿ ಏನು ತಪ್ಪು? ಎಲ್ಲರೂ ಮಾಡುತ್ತಾರಲ್ಲ?

ಪ್ಲಾಟ್‌ಫಾರ್ಮ್ ಹಂಚಿಕೊಳ್ಳುವುದು ಬೇರೆ, ಬಾಗಿಲು ಹಂಚಿಕೊಳ್ಳುವುದು ಬೇರೆ. ನೆಲದ ಚೌಕಟ್ಟು, ಸಸ್ಪೆನ್ಷನ್, ಗೇರ್‌ಬಾಕ್ಸ್ ಗಿರಾಕಿಯ ಕಣ್ಣಿಗೆ ಬೀಳುವುದಿಲ್ಲ, ಬಾಗಿಲು ಬೀಳುತ್ತದೆ. 1983ರ ಆಗಸ್ಟ್‌ನಲ್ಲಿ ಫಾರ್ಚೂನ್ ಪತ್ರಿಕೆ ಜಿಎಂನ ನಾಲ್ಕು ಬ್ರ್ಯಾಂಡಿನ ನಾಲ್ಕು ಸೆಡಾನ್‌ಗಳನ್ನು ಮುಖಪುಟದಲ್ಲಿ ನಿಲ್ಲಿಸಿತು: ಶೆವರ್ಲೆ ಸೆಲೆಬ್ರಿಟಿ, ಪಾಂಟಿಯಾಕ್ 6000, ಓಲ್ಡ್ಸ್‌ಮೊಬೀಲ್ ಕಟ್ಲಾಸ್ ಸಿಯೆರಾ, ಬ್ಯುಯಿಕ್ ಸೆಂಚುರಿ. ಯಾವುದು ಯಾವುದೆಂದು ಹೇಳಲು ಬ್ಯಾಡ್ಜ್ ಓದಬೇಕಿತ್ತು. ಅದಕ್ಕೂ ಕೆಟ್ಟ ಉದಾಹರಣೆ 1982ರ ಕ್ಯಾಡಿಲಾಕ್ ಸಿಮರಾನ್. ಅಗ್ಗದ ಶೆವರ್ಲೆ ಕವಲಿಯರ್‌ನ ಬಾಡಿಗೇ ಚರ್ಮದ ಸೀಟು ಹಾಕಿ ಏಣಿಯ ತುದಿಯಲ್ಲಿಟ್ಟರು. ಮೇಲಿನ ಮೆಟ್ಟಿಲಿನಲ್ಲೂ ಕೆಳಗಿನದೇ ಬಾಗಿಲಿದ್ದರೆ ಜನ ಯಾಕೆ ಹತ್ತುತ್ತಾರೆ?

ಇದೇ ತಂತ್ರ ಫಲಿಸಿದ್ದೂ ಉಂಟು. ಫೋರ್ಡ್‌ನ ದುಬಾರಿ ಬ್ರ್ಯಾಂಡ್ ಲಿಂಕನ್‌ನ ನ್ಯಾವಿಗೇಟರ್ ಎಸ್‌ಯುವಿ 1997ರಲ್ಲಿ ಬಂದು ಚೆನ್ನಾಗಿ ಓಡಿದಾಗ ಕ್ಯಾಡಿಲಾಕ್ ಬಳಿ ಉತ್ತರವಿರಲಿಲ್ಲ. ಜಿಎಂನದೇ ಟ್ರಕ್ ಬ್ರ್ಯಾಂಡ್ ಜಿಎಂಸಿಯ ಯುಕಾನ್ ಡೆನಾಲಿಗೆ ಗ್ರಿಲ್ ಬದಲಿಸಿ 1999ರ ಮಾಡೆಲ್ ಆಗಿ ಎಸ್ಕಲೇಡ್ ಎಂದು ಬಿಟ್ಟರು. ವ್ಯತ್ಯಾಸ ಇಷ್ಟು: ಅದು ಜಾಗ ಹಿಡಿದಿಡಲು ಹಾಸಿದ ಟವೆಲ್. 2002ರ ಮಾಡೆಲ್‌ಗೆ ತನ್ನದೇ ಮುಖ ಸಿಕ್ಕಿತು.

ಫೋರ್ಡ್ ಕಂಪನಿಯ ಎಡ್ಸೆಲ್ ಎಂಬ ಬ್ರ್ಯಾಂಡ್ ಸೋತದ್ದು ಅದರ ವಿಚಿತ್ರ ಗ್ರಿಲ್ಲಿನಿಂದಲೇ ಅಲ್ಲವೇ?

ಕುದುರೆಯ ಕೊರಳಪಟ್ಟಿಯಂತಿದ್ದ ಗ್ರಿಲ್ ತಮಾಷೆಗೆ ಸಿಕ್ಕಿತು, ನಿಜ. ಬುಡದ ತೊಂದರೆ ಬೇರೆ. ಫೋರ್ಡ್‌ಗೂ ಅದೇ ಕಂಪನಿಯ ಮೇಲಿನ ಬ್ರ್ಯಾಂಡ್ ಮರ್ಕ್ಯುರಿಗೂ ನಡುವೆ ಒಂದು ಮೆಟ್ಟಿಲು ತುರುಕಲು ಹೋಗಿ, ಸಣ್ಣ ಎಡ್ಸೆಲ್‌ಗೆ ಫೋರ್ಡ್ ಬಾಡಿ, ದೊಡ್ಡದಕ್ಕೆ ಮರ್ಕ್ಯುರಿ ಬಾಡಿ ಬಳಸಿದರು. ಬೆಲೆ ಎರಡರ ಜೊತೆಯೂ ಸಿಕ್ಕಿಕೊಂಡಿತು. ಆ ಎರಡು ಬ್ರ್ಯಾಂಡ್‌ಗಳ ಲೈನಿನಲ್ಲೇ ನಡುನಡುವೆ ಎಡ್ಸೆಲ್ ಕಟ್ಟುತ್ತಿದ್ದುದರಿಂದ ಕೆಲಸಗಾರ ಪ್ರತಿ ಬಾರಿ ಬೇರೆ ಡಬ್ಬಿಯಿಂದ ಬೇರೆ ಬಿಡಿಭಾಗ ಎತ್ತಬೇಕಿತ್ತು; ಹೊಂದದ ಭಾಗಗಳ ದೂರು ರಾಶಿ ಬಿತ್ತು. 1957ರ ಸೆಪ್ಟೆಂಬರ್‌ನಲ್ಲಿ ಬಂದದ್ದು 1959ರ ನವೆಂಬರ್‌ನಲ್ಲಿ ಮುಗಿಯಿತು.

ಫೋರ್ಡ್ ಮಸ್ಟಾಂಗ್‌ನಲ್ಲಿ ಹಾಗಾದರೆ ಏನು ಸರಿಹೋಯಿತು?

ಹಂಚಿಕೊಂಡದ್ದು ಕಾಣದಂತೆ ಹಂಚಿಕೊಂಡರು. ಕೆಳಗೆ ಫಾಲ್ಕನ್ ಎಂಬ ಮಿತವ್ಯಯದ ಕಾರಿನ ಯಂತ್ರಾಂಗಗಳು, ಮೇಲೆ ಉದ್ದ ಬಾನೆಟ್, ಗಿಡ್ಡ ಡಿಕ್ಕಿಯ ಹೊಸ ಬಾಡಿ. 1964ರ ಏಪ್ರಿಲ್ 17ರಂದು ನ್ಯೂಯಾರ್ಕ್ ವಿಶ್ವಮೇಳದಲ್ಲಿ 2,368 ಡಾಲರ್ ಬೆಲೆಗೆ ಬಿಟ್ಟರು. ಎರಡು ವರ್ಷದೊಳಗೆ ಹತ್ತು ಲಕ್ಷ ತಯಾರಾದವು. ಆ ಬೆಲೆ ಬಾಗಿಲೊಳಗೆ ಕರೆಯಲು ಮಾತ್ರ. ದೊಡ್ಡ ಎಂಜಿನ್, ಆಟೊಮ್ಯಾಟಿಕ್ ಗೇರ್, ರೇಡಿಯೊ ಪ್ರತಿಯೊಂದಕ್ಕೂ ಮೇಲೆ ದುಡ್ಡು, ಲಾಭ ಇದ್ದದ್ದು ಆ ಪಟ್ಟಿಯಲ್ಲಿ. ಈಗಿನ ಪಿಕಪ್‌ಗಳೂ ನಡೆಯುವುದು ಇದೇ ದಾರಿಯಲ್ಲಿ.

ಟಾರಸ್ ಅನ್ನು ಮಾದರಿ ಪ್ರಾಜೆಕ್ಟ್ ಎನ್ನುತ್ತಾರೆ. ಏಕೆ?

1986ರ ಫೋರ್ಡ್ ಟಾರಸ್‌ಗೆ ಮುಂಚೆ ಕೆಲಸ ಸಾಲಾಗಿ ನಡೆಯುತ್ತಿತ್ತು. ವಿನ್ಯಾಸಕಾರ ಬರೆದು ಎಂಜಿನಿಯರ್ ಕಡೆ ಎಸೆಯುವುದು, ಎಂಜಿನಿಯರ್ ಕಾರ್ಖಾನೆಯ ಕಡೆ ಎಸೆಯುವುದು. ಲ್ಯೂ ವೆರಾಲ್ಡಿ ಮುನ್ನಡೆಸಿದ ತಂಡದಲ್ಲಿ ಎಲ್ಲರೂ ಮೊದಲ ದಿನದಿಂದ ಒಟ್ಟಿಗೆ ಕೂತರು, ಲೈನಿನ ಕೆಲಸಗಾರರನ್ನೂ ಕೇಳಿದರು. ಬೇರೆ ಕಂಪನಿಗಳ ಕಾರು ಬಿಚ್ಚಿ ಸುಮಾರು 400 ಅಂಶಗಳನ್ನು ಪಟ್ಟಿ ಮಾಡಿ, ಪ್ರತಿಯೊಂದರಲ್ಲೂ ಅತ್ಯುತ್ತಮವಾದುದನ್ನು ಮುಟ್ಟುವ ಗುರಿ ಇಟ್ಟರು. ಬಾನೆಟ್ ಎತ್ತಿದರೆ ಮಾಲೀಕ ಮುಟ್ಟಬೇಕಾದ ಭಾಗಗಳಿಗೆ ಹಳದಿ ಬಣ್ಣ. ಬಾಗಿಲಿನ ಮೇಲಂಚು ಚಾವಣಿಯೊಳಕ್ಕೆ ಬಾಗಿ ನೀರಿನ ಕಾಲುವೆಯೇ ಹೊರಗೆ ಕಾಣದಂತಾಯಿತು. ಗ್ರಿಲ್ ಇರಲಿಲ್ಲ, ನಡುವೆ ಕಂಪನಿಯ ಮೊಟ್ಟೆಯಾಕಾರದ ಗುರುತು ಮಾತ್ರ.

1992ರಿಂದ 1996ರವರೆಗೆ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು ಇದೇ. 1996ರ ಹೊಸ ಟಾರಸ್‌ನಲ್ಲಿ ಆ ಮೊಟ್ಟೆ ತಲೆಗೇರಿತು: ದೀಪ, ಹಿಂಗಾಜು, ರೇಡಿಯೊ ಫಲಕ ಎಲ್ಲವೂ ಮೊಟ್ಟೆ. ಮರುವರ್ಷ ಟೊಯೋಟಾ ಕ್ಯಾಮ್ರಿ ಮೇಲೆ ಹೋಯಿತು.

ಒಂದೇ ಒಂದು ತಪ್ಪು ನಿರ್ಧಾರ ಮಾರಾಟ ಕೆಡಿಸಿದ ಸ್ಪಷ್ಟ ಉದಾಹರಣೆ ಇದೆಯೇ?

ಇದೆ, ಅದೂ ಬಾಗಿಲೇ. ಕ್ರೈಸ್ಲರ್ 1983ರ ಕೊನೆಯಲ್ಲಿ ಮಿನಿವ್ಯಾನ್ ತಂದಾಗ ಜಾರುಬಾಗಿಲು ಬಲಗಡೆ ಮಾತ್ರ ಇತ್ತು. 1996ರ ಮಾಡೆಲ್‌ನಲ್ಲಿ ಎಡಗಡೆಯೂ ಕೊಟ್ಟಿತು. ಫೋರ್ಡ್ ಆಗಷ್ಟೇ, 1995ಕ್ಕೆ, ವಿಂಡ್‌ಸ್ಟಾರ್ ತಂದಿತ್ತು. ಎಡಗಡೆ ಜಾರುಬಾಗಿಲಿಗೆ ಜಾಗ ಬಿಟ್ಟಿರಲಿಲ್ಲ. ಆಮೇಲೆ ಸೇರಿಸುವುದೆಂದರೆ ಇಡೀ ಎಡಪಕ್ಕದ ತಗಡಿಗೆ ಹೊಸ ಡೈ, ಬಾಗಿಲು ಓಡುವ ಹಳಿ, ಹೊಸಿಲಿಗೆ ಗಟ್ಟಿ ಉಕ್ಕು, ಮತ್ತೆ ಗುದ್ದು ಪರೀಕ್ಷೆ. ತಾತ್ಕಾಲಿಕವಾಗಿ 1998ರಲ್ಲಿ ಚಾಲಕನ ಬಾಗಿಲನ್ನೇ ಉದ್ದ ಮಾಡಿ, ಸೀಟು ಮಡಚಿ ಹಿಂದೆ ತೂರುವ ದಾರಿ ಕೊಟ್ಟರು. ಇಕ್ಕಟ್ಟಾದ ಪಾರ್ಕಿಂಗ್‌ನಲ್ಲಿ ಆ ಉದ್ದದ ಬಾಗಿಲು ಪೂರ್ತಿ ತೆರೆಯುವುದೆಲ್ಲಿ? 1999ರಲ್ಲಿ ಸರಿಯಾದ ಜಾರುಬಾಗಿಲು ಬಂತು.

ಜನರ ಅಭಿಪ್ರಾಯ ಕೇಳಿಯೇ ಮಾಡುತ್ತಾರಲ್ಲ? ಆದರೂ ಪಾಂಟಿಯಾಕ್ ಆಜ್ಟೆಕ್‌ನಂಥ ಸೋತ ಕಾರು ಹೇಗೆ ಬಂತು?

ಕೇಳುವ ವಿಧಾನಕ್ಕೆ ಕ್ಲಿನಿಕ್ ಎನ್ನುತ್ತಾರೆ. ಸಭಾಂಗಣದಲ್ಲಿ ಹೊಸ ಕಾರಿನ ಮಾದರಿ, ಪ್ರತಿಸ್ಪರ್ಧಿ ಕಾರುಗಳು, ಎಲ್ಲದರ ಬ್ಯಾಡ್ಜ್ ಮುಚ್ಚಿ ನಿಲ್ಲಿಸಿ ಆಯ್ದ ಗಿರಾಕಿಗಳಿಂದ ಅಂಕ ಹಾಕಿಸುತ್ತಾರೆ. ಎಡವುವುದು ಸರಾಸರಿ ತೆಗೆಯುವಾಗ. ಹತ್ತು ಜನರೂ ಐದೈದು ಅಂಕ ಕೊಟ್ಟರೂ ಸರಾಸರಿ ಐದು. ಐವರು ಒಂಬತ್ತು, ಐವರು ಒಂದು ಕೊಟ್ಟರೂ ಐದು. ಮೊದಲನೆಯದನ್ನು ಯಾರೂ ಕೊಳ್ಳುವುದಿಲ್ಲ. ಎರಡನೆಯದಕ್ಕೆ ಐವರು ಖಚಿತ ಗಿರಾಕಿಗಳು.

1994ರ ಡಾಜ್ ರ‍್ಯಾಮ್ ಎರಡನೇ ಬಗೆಯದು. ದೊಡ್ಡ ಲಾರಿಯಂತೆ ಉಬ್ಬಿದ ಬಾನೆಟ್, ಇಳಿದ ಮಡ್‌ಗಾರ್ಡ್ ಕಂಡು ಬಹಳ ಮಂದಿ ಮುಖ ಸಿಂಡರಿಸಿದರು, ಸ್ವಲ್ಪ ಮಂದಿ ಮರುಳಾದರು. ಪಿಕಪ್ ಪೇಟೆಯಲ್ಲಿ ಮೂಲೆಯಲ್ಲಿದ್ದ ಕ್ರೈಸ್ಲರ್‌ಗೆ ಆ ಸ್ವಲ್ಪ ಮಂದಿಯೇ ಸಾಕಾಗಿತ್ತು.

2001ರ ಪಾಂಟಿಯಾಕ್ ಆಜ್ಟೆಕ್ ಮಿನಿವ್ಯಾನ್‌ನ ನೆಲದ ಮೇಲೆ ಕಟ್ಟಿದ್ದು. ನೆಲವೇ ಎತ್ತರ, ಬಾಡಿಯೂ ಎತ್ತರ, ಚಕ್ರ ಸಣ್ಣದು; ಕೆಳಗೆ ಬೂದು ಪ್ಲಾಸ್ಟಿಕ್. ಪರಿಕಲ್ಪನೆಯ ಕಾರಿನಲ್ಲಿದ್ದ ನಿಲುವು ಆ ನೆಲದ ಮೇಲೆ ಉಳಿಯಲಿಲ್ಲ. ಲಾಭನಷ್ಟ ಸರಿದೂಗಲು ವರ್ಷಕ್ಕೆ 30,000 ಮಾರಬೇಕಿತ್ತು. ಅತ್ಯುತ್ತಮ ವರ್ಷದಲ್ಲೂ 28,000 ಮುಟ್ಟಲಿಲ್ಲ. ಒಳಗಿನ ಜಾಗ, ಹಿಂದೆ ಕಟ್ಟಬಹುದಾದ ಟೆಂಟ್ ಚೆನ್ನಾಗಿತ್ತೆಂದು ಈಗಲೂ ಹೊಗಳುವವರಿದ್ದಾರೆ, ಅದು ಸರಿಯೇ.

ಕಾನೂನು ಕಾರಿನ ರೂಪ ಬದಲಿಸುತ್ತದೆಯೇ?

ಬರೆದೇಬಿಡುತ್ತದೆ. 1940ರಿಂದ ಅಮೆರಿಕದ ಕಾರುಗಳಿಗೆ 7 ಅಂಗುಲದ ದುಂಡು ಸೀಲ್ಡ್ ಬೀಮ್ ದೀಪ (ಬಲ್ಬ್, ಗಾಜು ಒಂದಾಗಿ ಮುಚ್ಚಿದ್ದು) ಎರಡೇ ಇರಬೇಕಿತ್ತು. 1950ರ ದಶಕದ ಕೊನೆಯಲ್ಲಿ ನಾಲ್ಕು ಸಣ್ಣ ದೀಪಕ್ಕೆ, 1975ರ ಮಾಡೆಲ್‌ನಿಂದ ಚೌಕದ ದೀಪಕ್ಕೆ ಒಪ್ಪಿಗೆ ಸಿಕ್ಕಿತು. ಬಲ್ಬ್ ಮಾತ್ರ ಬದಲಿಸುವ, ಬೇಕಾದ ಆಕಾರದ ದೀಪ ಬಂದದ್ದು 1984ರ ಲಿಂಕನ್ ಮಾರ್ಕ್ 7ರಲ್ಲಿ. ನಾಲ್ಕು ದಶಕ ಎಲ್ಲ ಮುಖಗಳಲ್ಲೂ ಒಂದೇ ಕಣ್ಣು! ವಿನ್ಯಾಸಕಾರರು ಗ್ರಿಲ್ ಮೇಲೆ ಅಷ್ಟು ಕ್ರೋಮ್ ಸುರಿದದ್ದಕ್ಕೆ ಇದೂ ಒಂದು ಕಾರಣ.

ಬಂಪರ್ ಕಥೆಯನ್ನು ಒಂದೇ ಕಾರಿನಲ್ಲಿ ನೋಡಬಹುದು. ಗಂಟೆಗೆ 5 ಮೈಲಿ (8 ಕಿ.ಮೀ.) ಗುದ್ದು ತಡೆಯಬೇಕೆಂಬ ನಿಯಮ 1973ರಲ್ಲಿ ಮುಂಭಾಗಕ್ಕೆ, 1974ರಲ್ಲಿ ಹಿಂಭಾಗಕ್ಕೂ ಬಂತು. ಹಾಗಾಗಿ 1973ರ ಕಾರ್ವೆಟ್‌ಗೆ ಮುಂದೆ ಬಣ್ಣ ಬಳಿದ ಮೃದು ಮೂತಿ, ಹಿಂದೆ ಹಳೆಯ ಕ್ರೋಮ್ ಬಂಪರ್. ಆ ಒಂದೇ ವರ್ಷ ಹಾಗಿತ್ತು.

ಸೆಡಾನ್ ಬಿಟ್ಟು ಎಲ್ಲರೂ ಪಿಕಪ್ ಹಿಂದೆ ಬಿದ್ದದ್ದೇಕೆ?

ಜನಕ್ಕೆ ಇಷ್ಟ ಎನ್ನುವುದು ಅರ್ಧ ಉತ್ತರ. ಉಳಿದರ್ಧ ಎರಡು ನಿಯಮಗಳಲ್ಲಿದೆ.

ಒಂದು, ಕೋಳಿ ತೆರಿಗೆ. ಅಮೆರಿಕದ ಕೋಳಿಮಾಂಸದ ಮೇಲೆ ಯುರೋಪ್ ಸುಂಕ ಹಾಕಿತೆಂದು ತಿರುಗೇಟಾಗಿ 1964ರಿಂದ ಆಮದು ಲಘು ಟ್ರಕ್‌ಗಳಿಗೆ ಶೇ. 25 ಸುಂಕ ಹೇರಿದರು. ಕೋಳಿ ಜಗಳ ಮುಗಿದರೂ ಸುಂಕ ಉಳಿಯಿತು, ಹೊರಗಿನವರು ಈ ಪೇಟೆಗೆ ಬರುವುದು ಕಷ್ಟವಾಯಿತು. ಅಮೆರಿಕದ ಕಂಪನಿಯೂ ಇದಕ್ಕೆ ಸಿಕ್ಕಿಬಿದ್ದಿದೆ. ಟರ್ಕಿಯಿಂದ ಬರುತ್ತಿದ್ದ ಟ್ರಾನ್ಸಿಟ್ ಕನೆಕ್ಟ್ ವ್ಯಾನ್‌ಗೆ ಹಿಂದಿನ ಸೀಟು ಹಾಕಿ ಪ್ರಯಾಣಿಕ ವಾಹನವೆಂದು ತೋರಿಸಿ, ಬಂದರು ದಾಟಿದ ಮೇಲೆ ಸೀಟು ಕಿತ್ತ ಪ್ರಕರಣದಲ್ಲಿ ಫೋರ್ಡ್ 2024ರಲ್ಲಿ 36.5 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಎರಡು, 1975ರ ಕಾಯ್ದೆಯ ಮೈಲೇಜ್ ನಿಯಮ. ಕಾರುಗಳ ಸರಾಸರಿ 1985ಕ್ಕೆ ಗ್ಯಾಲನ್‌ಗೆ 27.5 ಮೈಲಿ, ಅಂದರೆ ಲೀಟರಿಗೆ ಸುಮಾರು 11.7 ಕಿ.ಮೀ. ಮುಟ್ಟಬೇಕಿತ್ತು, ಟ್ರಕ್‌ಗಳಿಗೆ ಅದಕ್ಕಿಂತ ಸಡಿಲ. ಮಿನಿವ್ಯಾನ್, ಎಸ್‌ಯುವಿ ಟ್ರಕ್ ಲೆಕ್ಕಕ್ಕೆ ಬಂದವು. ಸೀಟು ತೆಗೆದರೆ ನೆಲ ಸಪಾಟಾಗುವಂತೆ ಮಾಡಿದ್ದರಿಂದ ಕ್ರೈಸ್ಲರ್‌ನ ಪುಟಾಣಿ ಪಿಟಿ ಕ್ರೂಸರ್ ಕೂಡ ಟ್ರಕ್! ಮುಂದೆ ಗುರಿಯನ್ನು ಚಕ್ರಗಳ ನಡುವಿನ ಉದ್ದ-ಅಗಲದ ವಿಸ್ತೀರ್ಣಕ್ಕೆ ಕಟ್ಟಿದರು. ದೊಡ್ಡ ಗಾಡಿಗೆ ಸುಲಭ ಗುರಿ. 2018ರ ಏಪ್ರಿಲ್‌ನಲ್ಲಿ ಫೋರ್ಡ್ ಉತ್ತರ ಅಮೆರಿಕದಲ್ಲಿ ಸೆಡಾನ್‌ಗಳನ್ನು ಬಿಡುವುದಾಗಿ ಹೇಳಿದ್ದರಲ್ಲಿ ಅಚ್ಚರಿ ಇರಲಿಲ್ಲ. 2025ರಲ್ಲಿ ಈ ನಿಯಮ ಮೀರಿದ್ದಕ್ಕೆ ಇದ್ದ ದಂಡವನ್ನೇ ಸೊನ್ನೆ ಮಾಡಿದ್ದಾರೆ.

ವಿದ್ಯುತ್ ಪಿಕಪ್‌ಗಳ ವಿನ್ಯಾಸದಲ್ಲಿ ಏನು ವ್ಯತ್ಯಾಸ?

ಫೋರ್ಡ್ ಎಫ್-150 ಲೈಟ್ನಿಂಗ್ ಪೆಟ್ರೋಲ್ ಎಫ್-150ಯ ಕ್ಯಾಬಿನ್ನನ್ನೇ ಬಳಸಿತು. ಬೇಗ ಬಂತು, ಆದರೆ ಬ್ಯಾಟರಿಗಾಗಿಯೇ ಕಟ್ಟಿದ ಬಾಡಿ ಅದಲ್ಲ. ಶೆವರ್ಲೆ ಸಿಲ್ವರಾಡೊ ವಿದ್ಯುತ್ ಮಾದರಿಗೆ ಬೇರೆ ಬಾಡಿ. 7,500 ಡಾಲರ್ ತೆರಿಗೆ ರಿಯಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ನಿಂತಿತು. ಡಿಸೆಂಬರ್‌ನಲ್ಲಿ ಫೋರ್ಡ್ ಆ ಲೈಟ್ನಿಂಗ್ ನಿಲ್ಲಿಸುವುದಾಗಿ ತಿಳಿಸಿತು.

ಟೆಸ್ಲಾ ಸೈಬರ್‌ಟ್ರಕ್ ಚಪ್ಪಟೆ ಇರುವುದಕ್ಕೆ ಕಾರಣ ಅದರ ಸ್ಟೇನ್‌ಲೆಸ್ ಉಕ್ಕು. ಗಡುಸು ತಗಡು ಡೈಯಲ್ಲಿ ಆಳಕ್ಕೆ ಎಳೆಯಲು ಬಗ್ಗುವುದಿಲ್ಲ, ಮಡಿಸಬೇಕು. 2025ರ ಮಾರ್ಚ್‌ನಲ್ಲಿ ಚಾವಣಿ ಅಂಚಿನ ಅಂಟಿಸಿದ ಪಟ್ಟಿ ಕಿತ್ತುಬರುವ ದೋಷಕ್ಕೆ 46,096 ಗಾಡಿಗಳನ್ನು ವಾಪಸ್ ಕರೆದರು.

ಕಂಪ್ಯೂಟರ್ ಇದ್ದರೂ ಮಣ್ಣಿನ ಮಾದರಿ ಯಾಕೆ ಮಾಡುತ್ತಾರೆ?

ತೆರೆಯ ಮೇಲೆ ಬೆಳಕು ಸುಳ್ಳು ಹೇಳುತ್ತದೆ, ಅಳತೆಯ ಅಂದಾಜೂ ತಪ್ಪುತ್ತದೆ. ಇದು ಹೊಲದ ಜೇಡಿಯಲ್ಲ, ಮೇಣ-ಎಣ್ಣೆ ಬೆರೆಸಿದ ಕೈಗಾರಿಕಾ ಕ್ಲೇ. ಉಕ್ಕಿನ ಚೌಕಟ್ಟು, ಅದರ ಮೇಲೆ ಫೋಮ್, ಅದರ ಮೇಲೆ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿದ ಕ್ಲೇಯನ್ನು ಹೆಬ್ಬೆರಳಿನಿಂದ ಒತ್ತಿ ಕೆಲವು ಸೆಂ.ಮೀ. ದಪ್ಪ ಹಚ್ಚುತ್ತಾರೆ. ಮೊದಲ ಪದರ ತೆಳ್ಳಗೆ, ಜೋರಾಗಿ ಉಜ್ಜಬೇಕು. ಇಲ್ಲವಾದರೆ ಆಮೇಲೆ ಹಪ್ಪಳದಂತೆ ಎದ್ದುಬರುತ್ತದೆ. ಯಂತ್ರ ಒರಟಾಗಿ ಕೊರೆದ ಮೇಲೆ ಹಲ್ಲಿನ ಕೆರೆಗತ್ತಿ, ಆಮೇಲೆ ತೆಳು ಉಕ್ಕಿನ ಪಟ್ಟಿಯಿಂದ ನಯ ಮಾಡಿ, ಬಣ್ಣದ ಫಿಲ್ಮ್ ಅಂಟಿಸಿ ಅಂಗಳಕ್ಕೆ ತಳ್ಳುತ್ತಾರೆ. ಬಿಸಿಲಲ್ಲಿ ನಿಂತು ಪಕ್ಕದ ಮೇಲೆ ಹರಿಯುವ ಬೆಳಕಿನ ಗೆರೆ ಬಾಗಿಲ ಸಂದು ದಾಟುವಾಗ ಮುರಿಯುತ್ತದೆಯೇ ಎಂದು ನೋಡುತ್ತಾರೆ. ಒಪ್ಪಿಗೆಯಾದರೆ ಸ್ಕ್ಯಾನ್ ಮಾಡಿ ಕಂಪ್ಯೂಟರ್‌ನಲ್ಲಿ ಮೇಲ್ಮೈಯನ್ನು ಡೈ ಕೊರೆಯುವ ನಿಖರತೆಗೆ ತರುತ್ತಾರೆ.

ಅಮೆರಿಕದಲ್ಲಿ ಹಳೆಯ ಕಾರು ಕೊಳ್ಳುವಾಗ ಮಾಡೆಲ್ ಇಯರ್ ಹೇಗೆ ಓದಬೇಕು?

17 ಅಕ್ಷರಗಳ ವಾಹನ ಗುರುತು ಸಂಖ್ಯೆ ಮುಂಗಾಜಿನ ಎಡಬುಡದಲ್ಲಿದೆ. ಹತ್ತನೆಯ ಅಕ್ಷರ ವರ್ಷ: ಆರ್ ಎಂದರೆ 2024, ಎಸ್ 2025, ಟಿ 2026. ಈ ಗುರುತು 30 ವರ್ಷಕ್ಕೊಮ್ಮೆ ಮರಳುತ್ತದೆ. ಗೊಂದಲವಾದರೆ ಏಳನೆಯದನ್ನು ನೋಡಿ, ಅಂಕಿ ಇದ್ದರೆ 2010ಕ್ಕೆ ಮುಂಚಿನದು, ಅಕ್ಷರ ಇದ್ದರೆ 2010 ಅಥವಾ ಆಮೇಲಿನದು. ಮಾಡೆಲ್ ಇಯರ್ ಕ್ಯಾಲೆಂಡರ್‌ಗಿಂತ ಮುಂದಿರುತ್ತದೆ, ತಯಾರಾದ ತಿಂಗಳು ಚಾಲಕನ ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲಿ ಸಿಗುತ್ತದೆ. ಹೊಸ ವಿನ್ಯಾಸದ ಮೊದಲ ವರ್ಷದ ಗಾಡಿ ಬಿಟ್ಟು ಎರಡನೆಯ ವರ್ಷದ್ದನ್ನು ಹುಡುಕುವುದು ಒಳ್ಳೆಯದು; ಬೀಡಿಂಗ್, ಸಾಫ್ಟ್‌ವೇರ್‌ನ ಸಣ್ಣ ತೊಂದರೆಗಳನ್ನು ಅಷ್ಟರಲ್ಲಿ ಸರಿಪಡಿಸಿರುತ್ತಾರೆ.

ನಮ್ಮ ಕಡೆಗೂ ಇದಕ್ಕೂ ನಂಟಿದೆಯೇ?

ಜಿಎಂ ಭಾರತದಲ್ಲಿ ಕಾರು ಮಾರುವುದನ್ನು 2017ರ ಕೊನೆಗೆ ನಿಲ್ಲಿಸಿದರೂ ಬೆಂಗಳೂರಿನ ಅದರ ತಾಂತ್ರಿಕ ಕೇಂದ್ರ ಉಳಿಯಿತು. 2014ರ ಆಟೊ ಎಕ್ಸ್‌ಪೋದಲ್ಲಿ ತೋರಿಸಿದ ಶೆವರ್ಲೆ ಆದ್ರಾ ಪರಿಕಲ್ಪನೆ ಬೆಂಗಳೂರಿನ ಸ್ಟುಡಿಯೊದಲ್ಲೇ ರೂಪುಗೊಂಡದ್ದು. ಇಲ್ಲಿ 4 ಮೀಟರ್ ಒಳಗಿನ ತೆರಿಗೆ ರಿಯಾಯಿತಿಗೆ ಹೊಂದಿಸಿ ಮಾರಿದ ಫೋರ್ಡ್ ಇಕೋಸ್ಪೋರ್ಟ್ 2018ರಿಂದ ಚೆನ್ನೈನಿಂದ ಅಮೆರಿಕಕ್ಕೂ ಹಡಗು ಹತ್ತಿತು. ಅಲ್ಲಿಯದರ ಹಿಂಬದಿಯಲ್ಲಿ ಸ್ಟೆಪ್ನಿ ಇರಲಿಲ್ಲ. ಪಕ್ಕದ ಬಾಗಿಲುಗಳು ಅವೇ.

ವಿನ್ಯಾಸ ಕಲಿಯಬೇಕೆಂದಿರುವವರು ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ (ಎನ್‌ಐಡಿ) ವಾಹನ ವಿನ್ಯಾಸ ಕೋರ್ಸ್ ಗಾಂಧಿನಗರ ಕ್ಯಾಂಪಸ್‌ನಲ್ಲಿದೆ, ಬೆಂಗಳೂರಿನಲ್ಲಲ್ಲ ಎಂಬುದನ್ನು ಗಮನಿಸಿ. ಮುಂಬೈ ಐಐಟಿಯಲ್ಲೂ ಇದೆ. ಪೋರ್ಟ್‌ಫೋಲಿಯೊದಲ್ಲಿ ಬರೀ ಹೊಳೆಯುವ ಮುಕ್ಕಾಲು ನೋಟದ ಚಿತ್ರ ತುಂಬಬೇಡಿ. ಒಂದು ಪುಟದಲ್ಲಾದರೂ ಬಾಗಿಲನ್ನು ಅಡ್ಡಕ್ಕೆ ಸೀಳಿದ ಚಿತ್ರ ಬರೆದು, ಗಾಜು ಎಲ್ಲಿ ಇಳಿಯುತ್ತದೆ ಎಂದು ತೋರಿಸಿ.